ಖರ್ಚಾಗದ ಗುರುತು

ನಾನು ಹೇಳುವುದನ್ನು ನಂಬಬೇಡಿ ಎಂದು ಆ ಊರಿನವರು ನಿಮಗೆ ಮೊದಲೇ ಹೇಳಿರುತ್ತಾರೆ. ಹೇಳಿರದಿದ್ದರೆ ಇನ್ನು ಮೇಲೆ ಹೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಮಳೆಗಾಲ ಅವರೆಲ್ಲರ ಮಾತು ನನ್ನ ಗಂಟಲಿನಿಂದ ಹಾದುಹೋಗಿದೆ. ಊರಿನ ಮಾತನ್ನೆಲ್ಲ ಗಂಟಲಲ್ಲಿ ಸಾಗಿಸಿದವಳನ್ನು ನಾನಾದರೂ ನಂಬುತ್ತಿರಲಿಲ್ಲ.

ಆ ಊರಿನಲ್ಲಿ ಹೊಸ್ತಿಲು ದಾಟಿದ ದನಿ ಕೇಳಿಸುವುದಿಲ್ಲ. ಮನೆಯೊಳಗೆ ಎಷ್ಟು ಬೇಕಾದರೂ ಮಾತಾಡಿ, ಬೈಯಿರಿ, ಹಾಡಿ, ಎಲ್ಲವೂ ಕೇಳಿಸುತ್ತದೆ. ಹೊಸ್ತಿಲಿನಾಚೆ ನಿಂತು ಬಾಯಿ ತೆರೆದರೆ ತುಟಿ ಆಡುತ್ತದೆ, ಅಷ್ಟೇ. ನಾಯಿ ಬೊಗಳುವುದು ಕೇಳಿಸುತ್ತದೆ, ಗಾಡಿ ಉರುಳುವುದು ಕೇಳಿಸುತ್ತದೆ, ಮನುಷ್ಯರ ದನಿ ಮಾತ್ರ ಕೇಳಿಸುವುದಿಲ್ಲ. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ದಾಟುವುದು ಮದುವೆಗೆ, ಹೆರಿಗೆಗೆ, ಸಾವಿಗೆ ಮಾತ್ರ. ಯಾಕೆ ಹೀಗೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕೆಂದರೂ ಬೀದಿಯಲ್ಲಿ ನಿಂತು ಕೇಳಲು ಬರುವುದಿಲ್ಲವಲ್ಲ.

ಆದ್ದರಿಂದ ಅವರು ಮಾತನ್ನು ಪಾತ್ರೆಯಲ್ಲಿ ಹಾಕಿ ಕಳಿಸುತ್ತಾರೆ. ಕುಡಿಕೆಯ ಯಜಮಾನ ಮಣ್ಣಿನ ಕುಡಿಕೆ ಕೊಡುತ್ತಾನೆ. ಅದರ ಬಾಯಿಗೆ ತುಟಿಯಿಟ್ಟು ಹೇಳಬೇಕಾದ್ದನ್ನು ಹೇಳಿ, ಹಸಿಮಣ್ಣು ಮೆತ್ತಿ, ಹೊಸ್ತಿಲ ಮೇಲೆ ಇಡಬೇಕು. ಹೊರುವವರು ಬಂದು ಒಯ್ಯುತ್ತಾರೆ. ಅತ್ತ ಕಡೆಯವರು ಮಣ್ಣು ಒಡೆದು ಕಿವಿಯಿಟ್ಟರೆ ಹೇಳಿದ್ದೆಲ್ಲ ಕೇಳಿಸುತ್ತದೆ, ಒಂದೇ ಒಂದು ಸಲ. ತಂಬಿಗೆಯ ಯಜಮಾನ ಕೊಡುವುದು ತಾಮ್ರದ ತಂಬಿಗೆ, ಅದಕ್ಕೆ ತಿರುಗಿಸುವ ಮುಚ್ಚಳ. ಮಣ್ಣಿಗೆ ಕಿವಿಯಿಲ್ಲ ಎಂದು ಕುಡಿಕೆಯ ಯಜಮಾನ ಹೇಳುತ್ತಿದ್ದ. ತಾಮ್ರಕ್ಕೆ ನಾಲಿಗೆಯಿಲ್ಲ ಎಂದು ತಂಬಿಗೆಯ ಯಜಮಾನ ಹೇಳುತ್ತಿದ್ದ. ಎದುರಿನವನ ಪಾತ್ರೆ ಸೋರುತ್ತದೆ ಎಂದು ಇಬ್ಬರೂ ಹೇಳುತ್ತಿದ್ದರು.

ಕುಡಿಕೆಯಲ್ಲಿ ಹಾಕಿದ ಮಾತು ತಂಬಿಗೆಯವರಿಗೆ ತಲುಪುತ್ತಿರಲಿಲ್ಲ, ತಂಬಿಗೆಯದು ಕುಡಿಕೆಯವರಿಗೆ ತಲುಪುತ್ತಿರಲಿಲ್ಲ. ಒಂದೇ ಮನೆಯಲ್ಲಿ ಎರಡೂ ಇಟ್ಟುಕೊಂಡವರ ಹೊಸ್ತಿಲಿಗೆ ಎರಡು ಕಡೆಯ ಹೊರುವವರೂ ಬರುವುದನ್ನು ನಿಲ್ಲಿಸುತ್ತಿದ್ದರು. ಯಜಮಾನರ ಜಗಳ ಬೆಳೆದು ಒಂದು ಬೆಳಿಗ್ಗೆ ಊರಿನ ನಡುವೆ ಗೋಡೆ ಎದ್ದಿತು, ಒಂದು ಕಡೆ ಕುಡಿಕೆ ಬೀದಿ, ಇನ್ನೊಂದು ಕಡೆ ತಂಬಿಗೆ ಬೀದಿ. ಅತ್ತ ಇದ್ದವರು ಅತ್ತ ಉಳಿದರು, ಇತ್ತ ಇದ್ದವರು ಇತ್ತ ಉಳಿದರು. ಗೋಡೆಗೆ ಬಾಗಿಲಿರಲಿಲ್ಲ.

ಹದಿನಾಲ್ಕು ವರ್ಷ ಹೀಗೆಯೇ ನಡೆಯಿತು. ಆಮೇಲೆ ಊರಿನ ಹಿರಿಯರಿಗೆ ನಾಚಿಕೆಯಾಯಿತೋ, ಇಲ್ಲ ಅವರಲ್ಲೇ ಯಾರಿಗಾದರೂ ಆಚೆ ಕಡೆ ಹೇಳಬೇಕಾದ ಮಾತು ಇತ್ತೋ, ಗೊತ್ತಿಲ್ಲ. ಊರು ಒಂದೇ, ಇದರ ಮಾತು ಅದಕ್ಕೆ ಹೋಗಲೇಬೇಕು ಎಂದು ಅವರು ಕಟ್ಟಪ್ಪಣೆ ಮಾಡಿದರು. ಯಜಮಾನರಿಬ್ಬರೂ ತಲೆಬಾಗಿ ಒಪ್ಪಿಕೊಂಡರು. ತಲೆಬಾಗಿದವರ ಮುಖ ಕಾಣುವುದಿಲ್ಲ ನೋಡಿ, ಅದೇ ಅನುಕೂಲ.

ಮೊದಲು ಅವರು ಕುಡಿಕೆಯನ್ನು ತಂಬಿಗೆಯ ಮೇಲೆ ಬಗ್ಗಿಸಿ ನೋಡಿದರು. ಬಾಯಿ ಮುಕ್ಕಳಿಸಿದ ಹಾಗೆ ಗಳಗಳ ಸದ್ದು ಬಂತೇ ಹೊರತು ಮಾತು ಬರಲಿಲ್ಲ. ಮಣ್ಣಿನಲ್ಲಿ ಕೂತ ಮಾತು ತಾಮ್ರಕ್ಕೆ ಇಳಿಯಬೇಕಾದರೆ ನಡುವೆ ಒಂದು ಗಂಟಲು ಬೇಕಾಗಿತ್ತು. ಆಗ ಅವರಿಗೆ ನನ್ನ ನೆನಪಾಯಿತು. ನಾನು ಗೋಡೆಯ ಬುಡದಲ್ಲಿ ಮುತ್ತುಗದ ಎಲೆ ಹಚ್ಚಿಕೊಂಡು ಬದುಕಿದವಳು. ನನಗೆ ಎರಡು ಬೀದಿಯಲ್ಲೂ ಯಾರೂ ಇರಲಿಲ್ಲ. ಯಾರೂ ಇಲ್ಲದವಳಿಗೆ ಯಾರ ಮಾತೂ ಬೇಕಾಗುವುದಿಲ್ಲ ಎಂದು ಅವರು ಲೆಕ್ಕ ಹಾಕಿದರು. ಯಾರೂ ಇಲ್ಲದವಳಿಗೆ ಎಲ್ಲರ ಮಾತೂ ಬೇಕಾಗುತ್ತದೆ ಎನ್ನುವುದು ಪಾಪ, ಆ ದೊಡ್ಡ ಮನುಷ್ಯರಿಗೆ ಹೊಳೆಯಲಿಲ್ಲ.

ಗೋಡೆ ಒಡೆದು ಅದರೊಳಗೆ ಒಂದು ಕೋಣೆ ಕಟ್ಟಿದರು. ಅದಕ್ಕೆ ಎರಡು ಬಾಗಿಲು, ಒಂದು ಕುಡಿಕೆ ಬೀದಿಗೆ, ಒಂದು ತಂಬಿಗೆ ಬೀದಿಗೆ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯಬೇಕು. ನಡುವೆ ನನ್ನ ಮಣೆ, ಪಕ್ಕದಲ್ಲಿ ಉಪ್ಪುನೀರಿನ ಕೊಡ, ಎದುರಿಗೆ ಕಲ್ಲಿನ ಬಾನಿ. ಕುಡಿಕೆ ಬಂದರೆ ಮಣ್ಣು ಒಡೆಯಬೇಕು, ಕಿವಿಯಿಡಬೇಕು, ಕೇಳಿದ್ದನ್ನು ತಂಬಿಗೆಯೊಳಗೆ ಹೇಳಬೇಕು, ಮುಚ್ಚಳ ತಿರುಗಿಸಬೇಕು. ಆಮೇಲೆ ಮೂರು ಸಲ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಬಾನಿಗೆ ಉಗಿಯಬೇಕು. ತಂಬಿಗೆ ಬಂದರೂ ಹಾಗೆಯೇ. ನನಗೆ ಸುರಿಯುವವಳು ಎಂದು ಹೆಸರಿಟ್ಟರು.

ಕೇಳಬೇಕು, ಆದರೆ ಕೇಳಿಸಿಕೊಳ್ಳಬಾರದು ಎಂದು ನನ್ನಿಂದ ಆಣೆ ಮಾಡಿಸಿದರು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ಇನ್ನೂ ಒಂದು ನಿಯಮವಿತ್ತು. ಮಾತು ಮಾತ್ರ ಸುರಿಯಬೇಕು. ನಗು ಮಣ್ಣಿನವರ ಸ್ವತ್ತು, ಅದನ್ನು ನನ್ನ ತಾಮ್ರ ಯಾಕೆ ಹೊರಬೇಕು ಎಂದು ತಂಬಿಗೆಯ ಯಜಮಾನ ತಕರಾರು ತೆಗೆದಿದ್ದ. ಹಾಡಿನ ಗುನುಗು ತಾಮ್ರದವರದು, ಅದು ನನ್ನ ಮಣ್ಣಿಗೆ ಬೇಡ ಎಂದು ಕುಡಿಕೆಯ ಯಜಮಾನ ಹಟ ಹಿಡಿದಿದ್ದ. ಹೀಗೆ ನಗು ಹೋಯಿತು, ಗುನುಗು ಹೋಯಿತು, ನಿಟ್ಟುಸಿರು ಹೋಯಿತು, ಅಳು ಹೋಯಿತು. ಕೊನೆಗೆ ಇಬ್ಬರೂ ಒಪ್ಪಿದ್ದು ಬರೀ ಮಾತನ್ನು. ಪಾತ್ರೆಯಲ್ಲಿ ಮಾತೇ ಇಲ್ಲದಿದ್ದರೆ ಅದನ್ನು ಖಾಲಿ ಎಂದು ತಿಳಿದು ಮೂಲೆಗೆ ಇಡಬೇಕು. ಸುರಿಯುವಾಗ ತುಟಿ ಆಡಬಹುದು, ಭುಜ ಅಲುಗಬಾರದು.

ಭುಜ ನೋಡುವುದಕ್ಕೆಂದೇ ಇಬ್ಬರು ಕಾವಲಿನವರನ್ನು ಕೂರಿಸಿದರು, ಮಣ್ಣಿನ ಕಡೆಯವನು ಒಬ್ಬ, ತಾಮ್ರದ ಕಡೆಯವನು ಒಬ್ಬ. ಮಾತು ಕೇಳಿಸದಿರಲಿ ಎಂದು ಅವರ ಕಿವಿಗೆ ಜೇನುಮೇಣ ತುಂಬಿದ್ದರು. ನನ್ನ ಭುಜ ನೋಡಬೇಕಾದವರು ದಿನವಿಡೀ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿರುತ್ತಿದ್ದರು.

ಪಾತ್ರೆಗಳು ಓಡಾಡತೊಡಗಿದವು. ಆಚೆಯಿಂದ ಬಂದ ಪಾತ್ರೆಗೆ ಯಜಮಾನರು ಇದ್ದಿಲಿನಲ್ಲಿ ಒಂದು ಗೀಟು ಎಳೆಸುತ್ತಿದ್ದರು: ಇದು ನಮ್ಮದಲ್ಲ, ಹುಷಾರು, ಎಂದು ಅರ್ಥ. ಗೀಟಿನ ಪಾತ್ರೆಗಳನ್ನು ಹೊರುವವರು ಎಲ್ಲಕ್ಕಿಂತ ಕೊನೆಗೆ ತಲುಪಿಸುತ್ತಿದ್ದರು. ಗೀಟು ನೋಡಿದವರಿಗೆ ಸಹಜವಾಗಿ ಗುಮಾನಿ ಬರುತ್ತಿತ್ತು. ಅದಕ್ಕಿಂತ ದೊಡ್ಡ ಗುಮಾನಿಗೆ ಕಾರಣ ನಾನೇ. ಆಚೆಯಿಂದ ಅಪ್ಪ ಮಾತಾಡಲಿ, ಗೆಳೆಯ ಮಾತಾಡಲಿ, ಗಂಡ ಮಾತಾಡಲಿ, ಪಾತ್ರೆಗೆ ಕಿವಿಯಿಟ್ಟರೆ ಕೇಳಿಸುತ್ತಿದ್ದುದು ನನ್ನ ದನಿ. ಎಲೆ ಹಚ್ಚುವವಳ ಒಡಕು ದನಿಯಲ್ಲಿ ನಿಮ್ಮ ಗಂಡ ಮುದ್ದಿನ ಮಾತಾಡಿದರೆ ನಿಮಗೆ ಹೇಗಾಗುತ್ತದೆ ಹೇಳಿ.

ಜನ ನನ್ನನ್ನು ಪರೀಕ್ಷೆ ಮಾಡತೊಡಗಿದರು. ಕುಡಿಕೆ ಬೀದಿಯ ಒಬ್ಬ ಮನುಷ್ಯ ಆಚೆಯ ಭಾವನಿಗೆ ಹೇಳಿ ಕಳಿಸಿದ: "ನಮ್ಮ ನುಗ್ಗೆ ಮರದ ಬುಡದಲ್ಲಿ ಉಂಗುರ ಹೂತಿಟ್ಟಿದೀನಿ ಭಾವ, ಯಾರಿಗೂ ಹೇಳ್ಬೇಡಿ." ಅವನು ಏನೂ ಹೂತಿರಲಿಲ್ಲ. ಯಾರು ಅಗೆಯಲು ಬರುತ್ತಾರೋ ನೋಡೋಣವೆಂದು ಮೂರು ದಿನ ಮಾಡಿನ ಮೇಲೆ ಮಲಗಿದ್ದ. ಯಾರೂ ಬರಲಿಲ್ಲ. ನಾಲ್ಕನೇ ದಿನ ತಾನೇ ಇಳಿದು ಅಗೆದು ನೋಡಿದ. ಉಂಗುರ ಸಿಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಅದನ್ನು ಕದ್ದವಳು ನಾನೇ ಎಂದು ಅವನು ನಂಬಿದ್ದಾನೆ.

ತಂಬಿಗೆ ಬೀದಿಯ ಒಬ್ಬ ಮುದುಕಿ ನಾನು ಉಗಿದ ನೀರನ್ನು ತರಿಸಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದಳಂತೆ. ಉಪ್ಪು ಕಡಿಮೆಯಾಗಿದೆ, ಇವಳು ಮಾತನ್ನು ಒಳಗೇ ಉಳಿಸಿಕೊಳ್ಳುತ್ತಾಳೆ ಎಂದು ಹೇಳಿದಳಂತೆ. ಆ ವಿಷಯದಲ್ಲಿ ಅವಳು ಹೇಳಿದ್ದು ಸುಳ್ಳಲ್ಲ. ಉಪ್ಪು ಎಷ್ಟಿದ್ದರೇನು, ಮಾತು ನಾಲಿಗೆಯ ಮೇಲೆ ಎಲ್ಲಿರುತ್ತದೆ? ನನಗೆ ಎಲ್ಲ ನೆನಪಿರುತ್ತಿತ್ತು. ಆದರೆ ಹೊರಗೆ ಹೇಳಲಿಲ್ಲ. ಇಷ್ಟನ್ನಾದರೂ ನಂಬಿ.

ಇನ್ನು ಆ ಅಕ್ಕ ತಂಗಿಯರ ವಿಷಯಕ್ಕೆ ಬರುತ್ತೇನೆ.

ಅಕ್ಕ ಕುಡಿಕೆ ಬೀದಿಯವಳು, ಗಂಡ ಸತ್ತವಳು, ಅವಳಿಗೆ ಒಬ್ಬಳೇ ಮಗಳು. ತಂಗಿ ಗೋಡೆ ಏಳುವ ಮೊದಲೇ ತಂಬಿಗೆ ಬೀದಿಗೆ ಸೊಸೆಯಾಗಿ ಹೋದವಳು. ಅಲ್ಲಿ ಅತ್ತೆಯಿಂದ ಸೂಲಗಿತ್ತಿಯ ಕೆಲಸ ಕಲಿತು, ಆ ಬೀದಿಯ ಅರ್ಧ ಮಕ್ಕಳನ್ನು ತನ್ನ ಕೈಯಲ್ಲೇ ಎತ್ತಿದವಳು. ಹದಿನಾಲ್ಕು ವರ್ಷ ಇಬ್ಬರೂ ಒಬ್ಬರ ದನಿ ಒಬ್ಬರು ಕೇಳಿರಲಿಲ್ಲ. ನನ್ನ ಕೋಣೆ ತೆರೆದ ಮೊದಲನೆಯ ದಿನವೇ ಅಕ್ಕನ ಕುಡಿಕೆ ಬಂತು. ಕಿವಿಯಿಟ್ಟೆ. ಮೊದಲು ಬಹಳ ಹೊತ್ತು ಅಳು, ಆಮೇಲೆ ಎರಡೇ ಮಾತು: "ಹೇಗಿದೀಯೇ, ತಂಗೀ?"

ಅಕ್ಕನ ಅಳುವಿಗೆ ಒಂದು ರೀತಿಯಿತ್ತು. ಎರಡು ಸಣ್ಣ ಬಿಕ್ಕು, ಆಮೇಲೆ ಉಸಿರು ಹಿಡಿದು ನಿಲ್ಲಿಸುವುದು, ನಿಲ್ಲಿಸಿದ್ದು ತಡೆಯಲಾಗದೆ ಒಂದು ಉದ್ದನೆಯ ಎಳೆತ. ನಿಯಮದ ಪ್ರಕಾರ ನಾನು ಅದನ್ನು ಬಿಟ್ಟು, ಎರಡು ಮಾತನ್ನು ಮಾತ್ರ ತಂಬಿಗೆಗೆ ಸುರಿದೆ. ಮೂರು ಸಲ ಮುಕ್ಕಳಿಸಿ ಉಗಿದೆ. ಅಳು ಉಪ್ಪುನೀರಿನ ಜೊತೆ ಬಾನಿಗೆ ಹೋಯಿತು ಎಂದುಕೊಂಡೆ.

ಅನ್ನ ಬೇಯುವಷ್ಟು ಹೊತ್ತಿನಲ್ಲಿ ತಂಗಿಯ ತಂಬಿಗೆ ಬಂತು. ಹದಿನಾಲ್ಕು ವರ್ಷದ ಮೇಲೆ ತಂಗಿ ಅಕ್ಕನಿಗೆ ಆಡಿದ ಮೊದಲ ಮಾತು ಇದು: "ನೀನು ಯಾರು?"

ತಪ್ಪೇನಿಲ್ಲ. ಅವಳಿಗೆ ಕೇಳಿಸಿದ್ದು ನನ್ನ ದನಿ. ಅಕ್ಕನೂ ನೊಂದುಕೊಳ್ಳಲಿಲ್ಲ, ಗುರುತು ಹೇಳಿ ಕಳಿಸಿದಳು: "ನಮ್ಮನೆ ಒರಳುಕಲ್ಲಿನ ಹಿಂದೆ ಹುಣಸೆಬೀಜ ಬಚ್ಚಿಡ್ತಿದ್ದೆವಲ್ಲ, ನೀನು ಕೆಂಪು ಬಟ್ಟೆಯಲ್ಲಿ, ನಾನು ಹಸಿರು ಬಟ್ಟೆಯಲ್ಲಿ." ಆಗ ತಂಗಿ ನಂಬಿದಳು. ನಂಬಿ, ತಾನು ಚೆನ್ನಾಗಿದ್ದೇನೆ ಎಂದಳು.

ಮಾರನೆಯ ದಿನ ತಂಗಿಯ ತಂಬಿಗೆ ಬಂದಾಗ ಅಕ್ಕ ಗುರುತು ಕೇಳಿದಳು. ತಂಗಿ ಹುಣಸೆಬೀಜದ ಮಾತನ್ನೇ ಮತ್ತೆ ಹೇಳಿದಳು. ಅಕ್ಕ ಒಪ್ಪಲಿಲ್ಲ. "ಅದು ನಿನ್ನೆಯೇ ಆ ಸುರಿಯೋಳ ಬಾಯಲ್ಲಿ ಹೋಯ್ತು. ಅವಳಿಗೂ ಗೊತ್ತಾಯ್ತು. ಬೇರೆ ಹೇಳು." ಈ ಮಾತನ್ನು ನನ್ನ ಬಾಯಿಂದಲೇ ಸುರಿಯಬೇಕಾಯಿತು. ಸುರಿದೆ, ಭುಜ ಅಲುಗಲಿಲ್ಲ.

ಒಂದು ಗುರುತು ಒಂದೇ ಸಲಕ್ಕೆ. ಹೇಳಿದ ಕೂಡಲೇ ಅದು ಕೆಟ್ಟಂತೆ. ಹೊಸ ಸಂಕೇತ ಏನಾದರೂ ಗೊತ್ತುಮಾಡಿಕೊಳ್ಳೋಣವೆಂದರೆ ಅದನ್ನೂ ನನ್ನ ಗಂಟಲಿನಿಂದಲೇ ಕಳಿಸಬೇಕು. ಹಾಗಾಗಿ ಗೋಡೆಗಿಂತ ಮೊದಲಿನದು, ನನಗೆ ಗೊತ್ತಿಲ್ಲದ್ದು, ಅವರಿಬ್ಬರಿಗೇ ಗೊತ್ತಿರುವುದು ಮಾತ್ರ ನಡೆಯುತ್ತಿತ್ತು. ಅಂಥದ್ದು ಅವರ ಹತ್ತಿರ ಇದ್ದದ್ದು ಬಾಲ್ಯ ಒಂದೇ. ಅವರು ಬಾಲ್ಯವನ್ನು ಖರ್ಚು ಮಾಡತೊಡಗಿದರು.

ಒಕ್ಕಣ್ಣಿನ ಕೋಳಿಗೆ ಮಹಾರಾಣಿ ಎಂದು ಹೆಸರಿಟ್ಟದ್ದು ಹೋಯಿತು. ಅಟ್ಟದ ಬೆಲ್ಲ ಕದಿಯಲು ಹೋಗಿ ತಂಗಿಯ ನಾಲಿಗೆಗೆ ಇರುವೆ ಕಚ್ಚಿದ್ದು ಹೋಯಿತು. ಈಳಿಗೆಮಣೆ ಬಿದ್ದು ಅಕ್ಕನ ಕಾಲಿನ ಕಿರುಬೆರಳಿಗೆ ಗಾಯವಾದದ್ದು, ಅಜ್ಜಿ ಲಾಲಿಹಾಡಿನ ನಡುವೆ ನಿದ್ದೆ ಹೋಗುತ್ತಿದ್ದುದು, ಇಬ್ಬರೂ ಒಂದೇ ಲಂಗವನ್ನು ಸರದಿಯ ಮೇಲೆ ಉಡುತ್ತಿದ್ದುದು, ಎಲ್ಲ ಒಂದೊಂದಾಗಿ ನನ್ನ ಬಾಯಿಯಿಂದ ಹೋದವು. ಯಾವುದಕ್ಕೆಲ್ಲ ಎಂದರೆ, ಸೌತೆಕಾಯಿ ಬೀಜ ಬಿತ್ತಿದೆಯಾ ಎಂದು ಕೇಳುವುದಕ್ಕೆ. ನೆಗಡಿ ವಾಸಿಯಾಯಿತಾ ಎಂದು ಕೇಳುವುದಕ್ಕೆ. ಮಗಳ ಮದುವೆಯಾಯಿತು ಎಂದು ಹೇಳುವುದಕ್ಕೆ ಅಕ್ಕ ಮೂರು ನೆನಪು ಕೊಡಬೇಕಾಯಿತು, ಯಾಕೆಂದರೆ ಮೊದಲೆರಡನ್ನು ತಂಗಿ ನಂಬಲಿಲ್ಲ.

ಅವರ ತಾಯಿ ಸಾಯುವ ಮುಂಚೆ ನೀರು ಕೇಳಿದ್ದಳಂತೆ. ತಂದದ್ದು ಅಕ್ಕ, ಕುಡಿಸಿದ್ದು ತಂಗಿ, ಲೋಟ ಕೈಜಾರಿ ಬಿದ್ದು ತಾಯಿ ನಕ್ಕಿದ್ದಳಂತೆ. ಅದೇ ಅವಳ ಕೊನೆಯ ನಗು. ಅದನ್ನು ಅವರು ಕೊನೆಯವರೆಗೆ ಮುಟ್ಟಿರಲಿಲ್ಲ. ನಾಲ್ಕನೆಯ ಮಳೆಗಾಲದಲ್ಲಿ, ಬಿತ್ತಿದ್ದ ಹೂವಿನ ಬೀಜ ಮೊಳೆಯಿತಾ ಎಂದು ತಂಗಿ ಕೇಳಿದಾಗ, ಕೇಳುತ್ತಿರುವವಳು ತಂಗಿಯೇ ಹೌದೋ ಎಂಬ ಅನುಮಾನದಲ್ಲಿ ಅಕ್ಕ ಗುರುತು ಕೇಳಿದಳು. ತಂಗಿಯ ಹತ್ತಿರ ಬೇರೇನೂ ಉಳಿದಿರಲಿಲ್ಲ. ಆ ಲೋಟವನ್ನು ಕೊಟ್ಟಳು. ಅವತ್ತು ನಾನು ಮೂರರ ಬದಲು ಆರು ಸಲ ಮುಕ್ಕಳಿಸಿದೆ.

ಅದಾದ ಮೇಲೆ ಅವರ ಪಾತ್ರೆಗಳು ನಿಂತವು. ಇಬ್ಬರ ಬಾಲ್ಯವೂ ಪೂರ್ತಿಯಾಗಿ ನನ್ನ ಹತ್ತಿರ ಇತ್ತು. ಅವರ ಹತ್ತಿರ ಏನೂ ಇರಲಿಲ್ಲ.

ಮಳೆ ಮುಗಿದು ಬಿಸಿಲು ಏರಿದ ಒಂದು ಮಧ್ಯಾಹ್ನ ಅಕ್ಕನ ಕುಡಿಕೆ ಬಂತು. ಮೆತ್ತಿದ ಮಣ್ಣು ಇನ್ನೂ ಒದ್ದೆಯಾಗಿತ್ತು, ಬೆರಳಿನ ಗುರುತು ಹಾಗೇ ಇತ್ತು. ಕಿವಿಯಿಟ್ಟೆ. "ಮಗಳಿಗೆ ಬೆಳಗಿನಿಂದ ನೋವು. ಮಗು ಅಡ್ಡ ಬಿದ್ದಿದೆ. ಇಲ್ಲಿಯ ಸೂಲಗಿತ್ತಿ ಕೈ ಚೆಲ್ಲಿದಾಳೆ. ನೀನು ಬಾ. ಹಿರೀಕರ ಕಾಲು ಹಿಡೀತೀನಿ, ಸುರಿಯೋಳ ಕಾಲು ಹಿಡೀತೀನಿ, ಬಾ." ಮಾತುಗಳ ನಡುವೆ ಎರಡು ಬಿಕ್ಕು, ತಡೆದ ಉಸಿರು, ಆ ಎಳೆತ. ನಾನು ಮಾತುಗಳನ್ನು ಸುರಿದೆ. ನನ್ನ ಒಡಕು ದನಿಯಲ್ಲಿ ಅದು ಅಂಗಡಿಗೆ ಸಾಮಾನು ಹೇಳಿ ಕಳಿಸಿದ ಹಾಗೆ ಕೇಳಿಸಿರಬೇಕು.

ತಂಗಿಯ ತಂಬಿಗೆ ಬಂತು: "ಗುರುತು?"

ಅಕ್ಕನ ಕುಡಿಕೆ ಬಂತು: "ಎಲ್ಲಾ ಮುಗಿದೋಯ್ತಲ್ಲೇ ತಂಗೀ. ನೀನೇ ಮುಗಿಸಿದೆ, ನಾನೇ ಮುಗಿಸಿದೆ. ಹುಡುಗಿ ಸಾಯ್ತಾಳೆ, ಬಾ."

ತಂಗಿಯ ತಂಬಿಗೆ ಬಂತು: "ಹೋದ ತಿಂಗಳು ನಮ್ಮ ಬೀದಿಯೋಳೊಬ್ಬಳಿಗೆ ಹೀಗೇ ಅಣ್ಣ ಸತ್ತ ಅಂತ ಪರೀಕ್ಷೆ ಕಳಿಸಿದ್ರು. ಎದೆ ಹೊಡಕೊಂಡು ಗೋಡೆ ಹತ್ರ ಓಡಿ ಬಂದವಳನ್ನ ಇಡೀ ಬೀದಿ ನೋಡಿ ನಕ್ಕಿತು. ನಾನು ಬರೋದಿಲ್ಲ. ಗುರುತಿಲ್ಲದೋಳು ನಮ್ಮಕ್ಕ ಅಲ್ಲ."

ಪಾತ್ರೆ ಒಂದು ಸಲ ಹೋಗಿ ಬರುವಷ್ಟರಲ್ಲಿ ಒಂದು ಅನ್ನ ಬೇಯುತ್ತಿತ್ತು. ಮೂರು ಅನ್ನ ಬೆಂದಷ್ಟು ಹೊತ್ತು ಆಗಿಹೋಗಿತ್ತು. ನನಗೆ ಮಣೆಯ ಮೇಲೆ ಕೂರಲಾಗಲಿಲ್ಲ. ಎದ್ದರೆ ಕಾವಲಿನವರಿಬ್ಬರೂ ನನ್ನನ್ನು ನೋಡಿದರು. ಮತ್ತೆ ಕೂತೆ. ಆ ಹುಡುಗಿಯನ್ನು ನಾನು ಕಂಡವಳಲ್ಲ. ಆದರೆ ಅವಳಿಗೆ ದಡಾರ ಬಂದದ್ದು, ಮದುವೆಯಾದದ್ದು, ಬಸಿರಾದಾಗ ಮಾವಿನಮಿಡಿ ಕೇಳಿದ್ದು, ಎಲ್ಲ ನನ್ನ ಬಾಯಿಂದಲೇ ಆಚೆ ಹೋಗಿತ್ತು. ಇದು ನಿಜ, ಪರೀಕ್ಷೆಯಲ್ಲ ಎಂದು ಒಂದು ಮಾತು ಸೇರಿಸಿದರೆ ಸಾಕಾಗಿತ್ತು. ಸೇರಿಸಿದರೆ ಸುರಿಯುವವಳು ಎಲ್ಲ ಕೇಳಿಸಿಕೊಳ್ಳುತ್ತಾಳೆ ಎಂಬ ಊರಿನ ಗುಮಾನಿ ನಿಜವಾಗುತ್ತಿತ್ತು, ಕೋಣೆ ಮುಚ್ಚುತ್ತಿತ್ತು. ಅದೂ ಹೋಗಲಿ. ನನ್ನ ದನಿಯಲ್ಲಿ ಬಂದ ಎಲ್ಲ ಮಾತನ್ನೂ ಅನುಮಾನಿಸುವವಳು, ನನ್ನದೇ ಮಾತನ್ನು ನಂಬುತ್ತಾಳಾ?

ಆಗ ಅಕ್ಕನ ಮೂರನೆಯ ಕುಡಿಕೆ ಬಂತು. ಮಣ್ಣು ಒಡೆದು ಕಿವಿಯಿಟ್ಟೆ. ಅದರಲ್ಲಿ ಒಂದೂ ಮಾತಿರಲಿಲ್ಲ. ಬರೀ ಅಳು. ಎರಡು ಬಿಕ್ಕು, ತಡೆದ ಉಸಿರು, ಎಳೆತ. ಮತ್ತೆ ಎರಡು ಬಿಕ್ಕು.

ಮಾತಿಲ್ಲದ ಪಾತ್ರೆ ಖಾಲಿ ಪಾತ್ರೆ. ಅದನ್ನು ಮೂಲೆಗೆ ಇಡಬೇಕು. ನಾನು ತಂಬಿಗೆ ಎತ್ತದೆ ಕೂತದ್ದನ್ನು ನೋಡಿ ಮಣ್ಣಿನ ಕಾವಲಿನವನು ಮೂಲೆಯ ಕಡೆ ಕೈತೋರಿಸಿದ. ತಾಮ್ರದವನೂ ಕೈತೋರಿಸಿದ. ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ತಂಬಿಗೆ ಎತ್ತಿಕೊಂಡೆ. ತುಟಿಯಿಟ್ಟೆ. ನನಗೆ ಗೊತ್ತಿತ್ತು, ನಾಲ್ಕು ವರ್ಷ ಅವರು ಕೇಳಿದ ಗುರುತುಗಳೆಲ್ಲ ಮಾತಾಗಿದ್ದವು, ನನ್ನ ಬಾಯಿಂದ ಹೋಗಿ ಕೆಟ್ಟಿದ್ದವು. ಆ ಅಳು ಒಂದು ಮಾತ್ರ ಒಂದು ಸಲವೂ ಗೋಡೆ ದಾಟಿರಲಿಲ್ಲ. ಪ್ರತಿ ಸಲ ಉಪ್ಪುನೀರಿನಲ್ಲಿ ಉಗಿದೆ ಎಂದುಕೊಂಡಿದ್ದೆ, ಅದು ಅಲ್ಲೇ ಕೂತಿತ್ತು. ಎರಡು ಸಣ್ಣ ಬಿಕ್ಕು ಬಿಕ್ಕಿದೆ. ಉಸಿರು ಹಿಡಿದೆ. ಹಿಡಿದದ್ದು ತಡೆಯಲಾಗದೆ ಎಳೆದೆ. ಅಕ್ಕ ಅತ್ತ ಹಾಗೆಯೇ ಅತ್ತೆ, ಒಂದು ಬಿಕ್ಕು ಸೇರಿಸಲಿಲ್ಲ, ಒಂದು ಬಿಡಲಿಲ್ಲ. ನನ್ನ ಭುಜ ಅಲುಗಿತು.

ಮುಚ್ಚಳ ತಿರುಗಿಸಿ ಹೊರುವವನ ಕೈಗೆ ಕೊಡುವಷ್ಟರಲ್ಲಿ ಕಾವಲಿನವರಿಬ್ಬರೂ ಎದ್ದು ನಿಂತಿದ್ದರು. "ನಿಮ್ಮೋಳು ಅಲುಗಿದ್ಲು!" ಎಂದ ಒಬ್ಬ. "ಅವಳು ನಿಮ್ಮೋಳಲ್ವೇನೋ!" ಎಂದ ಇನ್ನೊಬ್ಬ. ಇಬ್ಬರ ಕಿವಿಯಲ್ಲೂ ಮೇಣ. ಒಬ್ಬ ಹೇಳಿದ್ದು ಒಬ್ಬನಿಗೆ ಕೇಳದೆ, ಇಬ್ಬರೂ ಒಂದೇ ಮಾತನ್ನು ಎದುರಾಬದುರಾಗಿ ಕಿರುಚುತ್ತಾ, ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡರು.

ಈ ಸಲ ಅನ್ನ ಬೇಯುವಷ್ಟು ಹೊತ್ತೂ ಆಗಲಿಲ್ಲ. ತಂಬಿಗೆ ಬೀದಿಯ ಬಾಗಿಲನ್ನು ಯಾರೋ ಅಂಗೈಯಿಂದ ಬಡಿದರು. ತೆರೆದೆ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಹರಳೆಣ್ಣೆಯ ಗಿಂಡಿ ಹಿಡಿದುಕೊಂಡು ತಂಗಿ ನಿಂತಿದ್ದಳು. ತುಟಿ ಆಡಿತು, ಕೇಳಿಸಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಕೇಳಿಸಿತು.

"ಆ ಅಳು ಅವಳದಾ, ನಿಂದಾ?"

"ನನಗೆ ಅಳೋಕೆ ಯಾರಿದಾರೆ ತಾಯಿ?" ಎಂದೆ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ನಂಬಿದಳೋ ಇಲ್ಲವೋ ಹೇಳಲಾರೆ. ನಾನು ತಂಬಿಗೆ ಬೀದಿಯ ಬಾಗಿಲನ್ನು ಮುಚ್ಚದೆಯೇ ಕುಡಿಕೆ ಬೀದಿಯ ಬಾಗಿಲನ್ನು ತೆರೆದೆ. ಕೋಣೆ ಕಟ್ಟಿದಾಗಿನಿಂದ ಎರಡೂ ಒಟ್ಟಿಗೆ ತೆರೆದದ್ದು ಅದೊಂದು ಸಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಾಳಿ ನುಗ್ಗಿ ಬಂದು ಮೂಲೆಯಲ್ಲಿದ್ದ ಖಾಲಿ ಪಾತ್ರೆಗಳೆಲ್ಲ ಹೂಂ ಎಂದವು. ತಂಗಿ ಆ ಗಾಳಿಯ ಮುಂದೆ ಓಡಿದಳು. ನಾನೂ ಹಿಂದೆ ಓಡಿದೆ.

ಅಕ್ಕನ ಮನೆಯ ಹೊಸ್ತಿಲಿನಾಚೆಯೇ ನಾನು ನಿಂತೆ. ಒಳಗೆ ಕರೆಯುವವರಿರಲಿಲ್ಲ. ಒಳಗಿನ ಮಾತು ನನಗೆ ಕೇಳಿಸುತ್ತಿರಲಿಲ್ಲ, ಕಾಣಿಸುತ್ತಿತ್ತು ಅಷ್ಟೇ. ಅಕ್ಕ ಬಾಗಿಲಿಗೆ ಓಡಿ ಬಂದಳು. ಹದಿನೆಂಟು ವರ್ಷದ ಮೇಲೆ ಎದುರುಬದುರು ನಿಂತ ಇಬ್ಬರೂ ಅಪ್ಪಿಕೊಳ್ಳಲಿಲ್ಲ. ತಂಗಿ ಬಗ್ಗಿ ಅಕ್ಕನ ಕಾಲಿನ ಕಿರುಬೆರಳು ನೋಡಿದಳು, ಈಳಿಗೆಯ ಗಾಯದ ಕಲೆ ಇದೆಯಾ ಎಂದು. ಅಕ್ಕ ಕಾಲನ್ನು ಮುಂದೆ ಚಾಚಿ ತೋರಿಸಿದಳು. ಮುಖ ಕಣ್ಣೆದುರಿಗೇ ಇದ್ದಾಗಲೂ ಅವರಿಗೆ ಗುರುತು ಬೇಕಾಯಿತು. ನನಗೆ ಅಳು ಬಂತು, ಈ ಸಲದ್ದು ನನ್ನದೇ.

ಆಮೇಲೆ ತಂಗಿ ಎಣ್ಣೆ ಹಚ್ಚಿಕೊಂಡು ಒಳಗೆ ಹೋದಳು. ಬಿಸಿಲು ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಅಕ್ಕ ಒಂದು ಬಟ್ಟೆಯ ಗಂಟಿನಂಥದ್ದನ್ನು ಎತ್ತಿಕೊಂಡು ಬೆಳಕಿಗೆ ಬಂದಳು. ಅದು ಕೈಕಾಲು ಆಡಿಸುತ್ತಿತ್ತು, ಬಾಯಿ ದೊಡ್ಡದಾಗಿ ತೆರೆದಿತ್ತು. ಅತ್ತದ್ದು ನನಗೆ ಕೇಳಿಸಲಿಲ್ಲ. ಒಳಗಿನಿಂದ ಹುಡುಗಿಯ ಕೈ ಮೇಲೆದ್ದು ಮಗುವಿಗಾಗಿ ಚಾಚಿತು. ಬದುಕಿದ್ದಳು.

ಅಕ್ಕ ತಂಗಿಯರಿಬ್ಬರೂ ಅಡುಗೆಮನೆಯ ಗೋಡೆಗೆ ಒರಗಿ ಕೂತರು. ಅಕ್ಕ ಏನೋ ಹೇಳಲು ಹೋದರೆ ತಂಗಿಯ ಮೈ ಬಿಗಿಯುತ್ತಿತ್ತು, ಪರೀಕ್ಷೆಗೆ ಕೂತವಳ ಹಾಗೆ. ಆಮೇಲೆ ಅವರು ನನಗೆ ಬೆನ್ನು ತಿರುಗಿಸಿದರು. ಅಲ್ಲಿ ಏನೋ ನಡೆಯಿತು. ಏನೋ ಕೈಯಿಂದ ಕೈಗೆ ಹೋಯಿತೋ, ಏನೋ ಬಿತ್ತೋ, ಯಾರೋ ಏನೋ ಹೇಳಿದರೋ. ಇಬ್ಬರ ಬೆನ್ನೂ ನಗುವಿನಿಂದ ಅಲುಗಿದ್ದು ಮಾತ್ರ ನನಗೆ ಕಂಡಿತು.

ಹೊತ್ತು ಇಳಿಯುವ ಮುಂಚೆ ಅಕ್ಕ ತಂಗಿಯನ್ನು ಬಿಡಲು ನನ್ನ ಕೋಣೆಯವರೆಗೂ ಬಂದಳು. ಕಾವಲಿನವರು ತಮ್ಮ ತಮ್ಮ ಯಜಮಾನರಿಗೆ ದೂರು ಕೊಡಲು ಹೋಗಿದ್ದರು. ಕೋಣೆಯೊಳಗೆ ನಾವು ಮೂವರೇ. ತಂಗಿ ಅಕ್ಕನ ಕೈ ಹಿಡಿದುಕೊಂಡಳು.

"ಇವತ್ತು ಅಲ್ಲಿ ಆದದ್ದನ್ನ ಯಾರಿಗೂ ಹೇಳ್ಬೇಡ ಅಕ್ಕಾ," ಎಂದಳು. "ಮುಂದೆ ಬೇಕಾಗುತ್ತೆ."

"ಇಲ್ಲ, ಹೇಳಲ್ಲ," ಎಂದಳು ಅಕ್ಕ.

ಆಮೇಲೆ ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಮಗಳನ್ನು ಉಳಿಸಿಕೊಟ್ಟವಳನ್ನು ನೋಡುವ ಹಾಗಲ್ಲ. ಇವಳಿಗೆ ಏನಾದರೂ ಕಂಡಿತಾ ಎಂದು ನೋಡುವ ಹಾಗೆ. ನಾನು ತಲೆ ತಗ್ಗಿಸಿ ಉಪ್ಪುನೀರು ಬಾಯಿಗೆ ಹಾಕಿಕೊಂಡೆ. ಮೂರು ಸಲ ಮುಕ್ಕಳಿಸಿ ಉಗಿದೆ.

ಮಾರನೆಯ ದಿನ ಯಜಮಾನರಿಬ್ಬರೂ, ನೋಡಿದಿರಾ, ನಾವು ಮೊದಲೇ ಹೇಳಿದ್ದೆವು ಎಂದು ಊರಿಗೆಲ್ಲ ಹೇಳಿ ಕಳಿಸಿದರು. ಊರಿನವರು ಮೊದಲೇ ಗೊತ್ತಿತ್ತು ಎಂದರು. ನಿಜವಾಗಿಯೂ ಅವರಿಗೆ ಮೊದಲೇ ಗೊತ್ತಿತ್ತು. ಕೋಣೆ ಮುಚ್ಚಿಬಿಡೋಣ ಎಂದರು ಯಜಮಾನರು. ಹಿರಿಯರು ಒಪ್ಪದೆ ನನ್ನನ್ನು ಮಾತ್ರ ತೆಗೆದರು. ಈಗ ಬೇರೊಬ್ಬಳು ಕೂತಿದ್ದಾಳೆ. ಅವಳಿಗೆ ಉಪ್ಪು ಎರಡರಷ್ಟು, ಕಾವಲಿನವರು ನಾಲ್ಕು ಮಂದಿ. ನನಗೆ ಕುಡಿಕೆಯೂ ಇಲ್ಲ, ತಂಬಿಗೆಯೂ ಇಲ್ಲ. ಊರಾಚೆಯ ಈ ಗುಡಿಸಲಿನಲ್ಲಿ ಎಲೆ ಹಚ್ಚುತ್ತೇನೆ, ಹೊಸ್ತಿಲು ದಾಟಿ ಒಳಗೆ ಬಂದವರ ಜೊತೆ ಮಾತಾಡುತ್ತೇನೆ. ನೀವು ಬಂದ ಹಾಗೆ.

ಆ ಮಗುವಿಗೆ ಈಗ ಆರು ವರ್ಷವಂತೆ. ಅಕ್ಕ ತಂಗಿಯರ ಪಾತ್ರೆಗಳು ಮತ್ತೆ ಓಡಾಡುತ್ತಿವೆ. ಊಟ ಆಯ್ತಾ ಎಂದು ಒಬ್ಬಳು ಕೇಳುತ್ತಾಳೆ, ಆಯ್ತು ಎಂದು ಇನ್ನೊಬ್ಬಳು ಹೇಳುತ್ತಾಳೆ. ಈ ಆರು ವರ್ಷದಲ್ಲಿ ಒಬ್ಬಳೂ ಇನ್ನೊಬ್ಬಳನ್ನು ಗುರುತು ಕೇಳಿಲ್ಲ. ಕೇಳಿದರೆ ಕೊಡಲು ಒಂದು ಗುರುತು ಇದೆಯಲ್ಲ, ಅದು ಸಾಕಾಗಿದೆ ಎಂದು ಕಾಣುತ್ತದೆ. ಇದೆಲ್ಲ ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಹೊಸ ಸುರಿಯುವವಳಿಗೂ ಪಾಪ, ಯಾರೂ ಇಲ್ಲ.

ಆಗಾಗ ಎರಡು ಬೀದಿಯವರೂ ಕದ್ದುಮುಚ್ಚಿ ಇಲ್ಲಿಗೆ ಬರುತ್ತಾರೆ. ಅವತ್ತು ಅಡುಗೆಮನೆಯಲ್ಲಿ ಆ ಇಬ್ಬರ ನಡುವೆ ಏನಾಯಿತು ಹೇಳು ಎಂದು ಪೀಡಿಸುತ್ತಾರೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ಅವರ ಬಾಲ್ಯದ ಪ್ರತಿಯೊಂದು ಹುಣಸೆಬೀಜವೂ ನನಗೆ ಗೊತ್ತು, ಅದೊಂದು ಗೊತ್ತಿಲ್ಲ. ಗೊತ್ತಿಲ್ಲವಲ್ಲ ಎಂದು ನೆನೆದಾಗಲೆಲ್ಲ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಯಾರೂ ನಂಬುವುದಿಲ್ಲ. ನೀವೂ ನನ್ನ ಭುಜವನ್ನೇ ನೋಡುತ್ತಿದ್ದೀರಿ.